ಎಟಿಎಮ್ಮಿನಲ್ಲಿ ಮಾಸ್ತರರ ಕವಾಯತು

ಮಾನ್ವಿಯಲ್ಲಿ ಕರೆಂಟು ಹೋದದ್ದು ಹನ್ನೊಂದಕ್ಕೆ. ವಿಬುಧೇಂದ್ರ ಮಾಸ್ತರರ ಪರೀಕ್ಷೆ ಇದ್ದದ್ದೂ ಸುಮಾರು ಅದೇ ಹೊತ್ತಿಗೆ. ಈ ಕರೆಂಟಿನವರಿಗೆ ಮುಹೂರ್ತ ನೋಡಲು ಯಾರು ಕಲಿಸಿದರೋ ಕಾಣೆ.

ಮಾಸ್ತರರಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್. ಅಷ್ಟುದ್ದದ ಹೆಸರು ಯಾರಿಗೆ ಬೇಕೆಂದು ಓಣಿಯವರು ಅದನ್ನು ‘ನರದ ಜಡ್ಡು’ ಎಂದು ಮೊಟಕು ಮಾಡಿದ್ದರು. ರಾಯಚೂರಿನ ಫಿಜಿಯೋಥೆರಪಿಸ್ಟ್ ಅಪೇಕ್ಷಾ ವಾರವಾರ ವಿಡಿಯೊ ಕಾಲ್ ಮಾಡಿ, ಕೂರಿಸಿ, ಏಳಿಸಿ, ಒಂಟಿಗಾಲಲ್ಲಿ ನಿಲ್ಲಿಸಿ ವ್ಯಾಯಾಮ ಮಾಡಿಸುತ್ತಿದ್ದಳು. ಇವತ್ತು ಎಲ್ಲವನ್ನೂ ಸರಿಯಾಗಿ ಮಾಡಿ ತೋರಿಸಿದರೆ ಸ್ಕೂಟರು ಓಡಿಸಲು ಒಪ್ಪಿಗೆ ಎಂದಿದ್ದಳು.

ಆ ಒಪ್ಪಿಗೆಗಾಗಿ ಮಾಸ್ತರರು ಜೀವ ಬಿಡುತ್ತಿದ್ದರು. ಇಡೀ ವರ್ಷ ಅವರು ಓಡಾಡಿದ್ದು ಪಕ್ಕದ ಮನೆಯ ಜಯಾಬಾಯಿಯ ಗಾಡಿಯ ಹಿಂದಿನ ಸೀಟಿನಲ್ಲಿ. ಆ ಪುಣ್ಯಾತಗಿತ್ತಿ ಕಂಡಕಂಡವರ ಮುಂದೆ ಗಾಡಿ ನಿಲ್ಲಿಸಿ ಇವರ ನರ, ಇವರ ಮೂತ್ರ, ಎಲ್ಲವನ್ನೂ ವಿವರಿಸಿಯೇ ಮುಂದೆ ಹೋಗುವವಳು. ಊರಲ್ಲಿ ಮಾಸ್ತರರ ಮರ್ಯಾದೆ ಪೂರ್ತಿ ಕರಗಿತ್ತು.

ಆದರೆ ಈ ಜಡ್ಡಿಗೆ ಸೆಕೆ ಆಗಿಬರುವುದಿಲ್ಲ. ಮೇ ತಿಂಗಳು, ಫ್ಯಾನು ನಿಂತಿದೆ, ಮಾಸ್ತರರ ಕಾಲು ಬಿಸಿಲಿಗಿಟ್ಟ ಬೆಲ್ಲದಂತಾಗುತ್ತಿದೆ.

“ಆಚಾರ್ರ, ಸುಮ್ನ ನನ್ ಗಾಡಿ ಹತ್ರಿ. ಬಸ್ ಸ್ಟ್ಯಾಂಡ್ ಹತ್ರ ಎಟಿಎಂ ಅದ. ಕರೆಂಟ್ ಹೋದ್ರೂ ಅಲ್ಲಿ ಏಸಿ ನಡೀತದ,” ಎಂದಳು ಜಯಾಬಾಯಿ ಮಾಸ್ತರರಿಗೆ.

“ರೊಕ್ಕ ತೆಗಿಯೋ ಜಾಗದಾಗ ಕವಾಯತು ಮಾಡ್ಲೇನ್ರಿ?”

“ಮಷಿನ್ ಏನ್ ಬ್ಯಾಡ ಅಂತದೇನು?”

ಎಟಿಎಮ್ಮಿನೊಳಗೆ ಸ್ವರ್ಗದಂಥ ತಂಪು. ಕಾಲಿಗೆ ಜೀವ ಬಂತು. ಮಷಿನ್ನಿನ ಮೇಲಿಟ್ಟ ಫೋನು ಮಾತ್ರ ಜಾರಿ ಜಾರಿ ಬೀಳುತ್ತಿತ್ತು. ರೊಕ್ಕ ತೆಗೆಯಲು ಬಂದಿದ್ದ ದಪ್ಪ ಮೀಸೆಯ ಅಪರಿಚಿತನೊಬ್ಬ, “ಕೊಡ್ರಿಲ್ಲೆ, ನಾ ಹಿಡೀತೀನಿ,” ಎಂದು ತಾನೇ ಹಿಡಿದು ನಿಂತ. ಎಂಥ ಒಳ್ಳೆಯ ಮನುಷ್ಯ ಎಂದುಕೊಂಡರು ಮಾಸ್ತರರು.

“ಶುರು ಮಾಡ್ರಿ, ವಿಬುಧೇಂದ್ರ ಸರ್,” ಎಂದಳು ಅಪೇಕ್ಷಾ. ಮಾಸ್ತರರು ಕೂತರು, ಎದ್ದರು, ಕೂತರು, ಎದ್ದು ಒಂದು ಕಾಲೆತ್ತಿದರು.

ಹೊರಗೆ ಸಾಲು ಬೆಳೆಯಿತು. ಸಾಲಿನ ಮುಂದೆ ನಿಂತು ಗಾಜಿನೊಳಗೆ ಇಣುಕಿದ ಮುನ್ನೀ ಬೀ, “ಅರೆ ಅಲ್ಲಾ, ರೊಕ್ಕ ತೆಗಿಯಾಕ ಈಗ ಬೈಠಕ್ ಹೊಡೀಬೇಕೇನ್ರಿ?” ಎಂದಳು. ಹಿಂದಿದ್ದ ಪಿಂಚಣಿದಾರರೊಬ್ಬರು, ಇನ್ನೂ ಬದುಕಿದ್ದೇವೆಂದು ಬ್ಯಾಂಕಿಗೆ ತೋರಿಸುವ ಹೊಸ ಕ್ರಮ ಇದೇ ಇರಬೇಕೆಂದು ಬಿಸಿಲಲ್ಲೇ ಒಂಟಿಗಾಲಲ್ಲಿ ನಿಂತರು. ಅವರನ್ನು ನೋಡಿ ಮತ್ತಿಬ್ಬರು ಚಪ್ಪಲಿ ಬಿಟ್ಟರು.

“ಸರ್, ಹಿಂದ ಅವ್ರೆಲ್ಲ ಯಾರು?” ಫೋನಿನಲ್ಲಿ ಅಪೇಕ್ಷಾ ಕೇಳಿದಳು.

“ಅವ್ರೂ ಅಭ್ಯಾಸ ಮಾಡಾಕತ್ಯಾರ್ರಿ. ನೀವು ನನ್ನ ನೋಡ್ರಿ,” ಎಂದರು ಮಾಸ್ತರರು, ಒಂಟಿಗಾಲಲ್ಲಿ ಕೊಕ್ಕರೆಯಂತೆ ನಿಂತು.

ಕೊನೆಗೆ ಅಪೇಕ್ಷಾ ನಕ್ಕಳು. “ಪಾಸ್ ಸರ್. ಮುಂಜಾನಿ ತಂಪಿನ್ಯಾಗ ಗಾಡಿ ಹೊಡೀರಿ,” ಎಂದು ಕಾಲ್ ಮುಗಿಸಿದಳು.

ಸಾಲಿನವರೆಲ್ಲ ಚಪ್ಪಾಳೆ ತಟ್ಟಿದರು. ಮಾಸ್ತರರ ಕಣ್ಣು ತುಂಬಿ ಬಂತು. ಮೀಸೆಯವನು ಫೋನು ಕೊಟ್ಟು ಕೈ ಕುಲುಕಿದ.

“ಭಾಳ ಖುಷಿ ಆತ್ರಿ ಸರ್. ನಾನು ಬಸವಪ್ರಸಾದ, ಮನಿಮನಿ ಸರ್ವೆಗೆ ಮಾಸ್ತರಗೋಳ್ನ ಹಾಕಾಂವ. ಕಾಲು ನಿಲ್ಲೂದಿಲ್ಲ, ಡ್ಯೂಟಿ ಬ್ಯಾಡ ಅಂತ ಅರ್ಜಿ ಕೊಟ್ಟ ವಿಬುಧೇಂದ್ರ ಸರ್ ನೀವಽ ಅಲ್ರಿ? ಹೆಸರು ಕೇಳಿದ ಕೂಡ್ಲೆ ಗುರುತು ಸಿಕ್ತು. ದೇವದುರ್ಗದ ಕಡಿ ಹಳ್ಳಿಗೆ ಮಂದೀನ ಸಿಗವಲ್ರು. ನಾಳಿನಿಂದ ನೀವು ಹೋಗ್ರಿ.”

ಮಾಸ್ತರರು ಅವಸರದಲ್ಲಿ ತಮ್ಮ ಕಾಲು ತೋರಿಸಿದರು. “ಇದು ಏಸಿ ಕಾಲು ರೀ. ಬಿಸಿಲಿಗೆ ಬರೂದಿಲ್ಲ. ಬರ್ರಿ, ತೋರಸ್ತೀನಿ,” ಎಂದು ಅವನನ್ನು ಹೊರಗೆ ಎಳೆದರು. ಬಿಸಿಲಲ್ಲಿ ತುಸು ಹೊತ್ತು ನಿಂತದ್ದೇ, ಹೇಳಿದ ಹಾಗೆಯೇ ಮಂಡಿ ಮಡಚಿ ಕೂತುಬಿಟ್ಟರು. ಜಡ್ಡು ಹೇಳಿದ ಮಾತು ಕೇಳಿದ್ದು ಅದೇ ಮೊದಲು. ಅವರಿಗೆ ಕುಣಿಯುವಷ್ಟು ಸಂತೋಷವಾಯಿತು.

ಬಸವಪ್ರಸಾದ ಗಾಬರಿಯಾದ. “ಖರೇನ ಅದ ಬಿಡ್ರಿ. ನಿಮ್ಮೊಬ್ಬರನ್ನ ಕಳಸೂದು ಪಾಪ ಆಗ್ತದ. ಗಾಡಿ ಇರೋ ಯಾರಾದ್ರೂ ಜೋಡಿ ಸಿಕ್ಕಿದ್ರ ಮಾತ್ರ ಆದೀತು.”

ಮಾಸ್ತರರು ಬಾಯಿ ತೆರೆಯುವ ಮೊದಲೇ ಜಯಾಬಾಯಿ ಗಾಡಿ ತಂದು ಮುಂದೆ ನಿಲ್ಲಿಸಿದಳು.

“ನಾ ಇದ್ದೀನಲ್ರಿ. ಹತ್ರಿ ಆಚಾರ್ರ, ಚಿಂತಿ ಬ್ಯಾಡ. ನೀವು ಗಾಡಿ ಮ್ಯಾಲೆ ಕೂತಿರ್ರಿ. ಒಂದು ಮನಿ ಬಿಡದಂಗ ಎಲ್ಲಾರಿಗೂ ನಿಮ್ಮ ಪರಿಚಯ ನಾ ಮಾಡ್ಸಿಕೊಡ್ತೀನಿ.”