ನಲವತ್ತು ಪುಟ್ಟ ಕಾರ್ಡು, ಎಂಟು ಹೆಬ್ಬೆಟ್ಟು

ನಾನು ಕಾರ್ಡಿನ ಮೇಲೆ ಒಂದು ಹೂವು ಒತ್ತಲು ಕೂತರೆ ಸಾಕು, ಏನಾದರೊಂದು ಆಗಿಯೇ ತೀರುತ್ತದೆ. ಇಸ್ಪೀಟು ಎಲೆಯಷ್ಟೇ ಅಗಲದ ದಪ್ಪ ಕಾಗದಕ್ಕೆ ಬಣ್ಣ ಬಳಿದು, ಅಚ್ಚು ಒತ್ತಿ, ಚಿತ್ರದ ಪುಟ್ಟ ಕಾರ್ಡು ಮಾಡುವುದು ನನ್ನ ಹುಚ್ಚು. ಶಹಾಪುರದ ನಮ್ಮ ಓಣಿಯಲ್ಲಿ ಇದನ್ನು ಕೆಲಸ ಎಂದು ಒಪ್ಪಿದವರು ಯಾರೂ ಇರಲಿಲ್ಲ. ಕಚೇರಿಯಲ್ಲಿ ಗುಮಾಸ್ತರಾದ ನಮ್ಮ ಮನೆಯವರಂತೂ "ಸಣ್ಣ ಹುಡುಗರ ಆಟ" ಎಂದೇ ಕರೆಯುತ್ತಿದ್ದರು. ಅಂಥ ಹೊತ್ತಿನಲ್ಲಿ ಸುರಪುರದ ಒಬ್ಬ ಹೆಡ್‌ಮಿಸ್ಟ್ರೆಸ್, ಹತ್ತನೇ ಕ್ಲಾಸಿನ ಹುಡುಗಿಯರಿಗೆ ಬೀಳ್ಕೊಡುಗೆಯ ದಿನ ಕೊಡಲು ನಲವತ್ತು ಕಾರ್ಡು ಬೇಕೆಂದು ಹೇಳಿಕಳಿಸಿದರು. ನನ್ನ ಜೀವನದ ಮೊದಲ ಆರ್ಡರು. ಇದು ಕೆಟ್ಟರೆ ಮನೆಯಲ್ಲಿ ನಾನು ಮತ್ತೆ ಕುಂಚ ಮುಟ್ಟುವ ಹಾಗಿರಲಿಲ್ಲ.

೧. ಬಲಿತ ಬೆಂಡೆಕಾಯಿ

ಬೆಂಡೆಕಾಯಿಯನ್ನು ಅಡ್ಡಡ್ಡ ಕೊಯ್ದು ಮಸಿಗೆ ಅದ್ದಿ ಒತ್ತಿದರೆ ಐದೆಸಳಿನ ಚಂದದ ಹೂವು ಮೂಡುತ್ತದೆ. ಆದರೆ ಎಳೆಯದು ನಡೆಯದು, ಒತ್ತಿದರೆ ಜಜ್ಜಿಹೋಗುತ್ತದೆ. ಬಲಿತದ್ದೇ ಬೇಕು.

ದೋರನಹಳ್ಳಿಯಿಂದ ಕಾಯಿಪಲ್ಲೆ ತರುವ ಅಜ್ಜಿಯ ಮುಂದೆ ಕೂತು, ಎಲ್ಲರೂ ತುದಿ ಮುರಿದು ನೋಡಿ ಬಿಟ್ಟುಹೋದ ಗಟ್ಟಿ ಕಾಯಿಗಳನ್ನೇ ಆರಿಸಿದೆ. ಆಕೆ ಬಹಳ ಹೊತ್ತು ನೋಡಿದಳು.

"ಯವ್ವಾ, ಲಗ್ನ ಆಗಿ ಎಷ್ಟು ವರ್ಷಾತು?"

"ಹನ್ನೆರಡು."

"ಪಾಪ, ನಿನ್ನ ಗಂಡ ಭಾಳ ತಾಳ್ಮಿ ಮನಷ್ಯಾ," ಎಂದು ಒಂದು ಹಿಡಿ ಎಳೆ ಬೆಂಡೆಕಾಯಿ ಚೀಲಕ್ಕೆ ಹಾಕಿದಳು. "ಇವು ಅವಗ ಮಾಡಿ ಹಾಕು."

೨. ಹೂವಿನ ಹುದ್ದೆ

ಕಾರ್ಡಿನ ಮೂಲೆಗೆ ಒಂದು ಕಮಲದ ರಬ್ಬರ್ ಅಚ್ಚು ಬೇಕಾಗಿತ್ತು. ಯಾದಗಿರಿಗೆ ಹೋಗಿ, ಕಚೇರಿಗಳಿಗೆ ಸೀಲು ಮಾಡಿಕೊಡುವ ಚಾಚಾನ ಅಂಗಡಿಯಲ್ಲಿ ಚಿತ್ರ ಕೊಟ್ಟೆ.

"ಹೂವಿನ ಕೆಳಗ ಹೆಸರು ಏನ್ ಬರೀಲಿ ಬೇಟಿ?"

"ಏನೂ ಬ್ಯಾಡ್ರಿ ಚಾಚಾ."

"ಹುದ್ದೆ?"

"ಅದೂ ಬ್ಯಾಡ್ರಿ. ಹೂವು ಅಷ್ಟs."

ಸಂಜೆ ಸೀಲು ಇಸಿದುಕೊಂಡು ಒತ್ತಿ ನೋಡಿದರೆ, ಕಮಲದ ಕೆಳಗೆ ದಪ್ಪಕ್ಷರದಲ್ಲಿ "ಅಧ್ಯಕ್ಷರು" ಎಂದಿತ್ತು. ಕೇಳಿದ್ದಕ್ಕೆ ಚಾಚಾ ಸಮಾಧಾನವಾಗಿ ಹೇಳಿದರು: "ಮೂವತ್ತು ವರ್ಷದಾಗ ಹುದ್ದೆ ಇಲ್ಲದ ಸೀಲು ನನ್ನ ಅಂಗಡಿಯಿಂದ ಹೊರಗ ಹೋಗಿಲ್ಲ. ಇರಲಿ ಅಂತ ಎಲ್ಲಾಕ್ಕಿಂತ ದೊಡ್ಡದು ಹಾಕೀನಿ."

ಮನೆಗೆ ಬಂದು ಬ್ಲೇಡಿನಿಂದ ಕಮಲವನ್ನು ಅಧಿಕಾರದಿಂದ ಇಳಿಸಿದೆ.

೩. ಚಹಾ

ಕಾಗದಕ್ಕೆ ಹಳೆಯ ಕಾಲದ ಬಣ್ಣ ಬರಲೆಂದು ಕಡು ಚಹಾದಲ್ಲಿ ಮೊದಲ ಹತ್ತು ಕಾರ್ಡು ಅದ್ದಿ ತೆಗೆದು, ಬಟ್ಟಲನ್ನು ಅಲ್ಲೇ ಬಿಟ್ಟಿದ್ದೆ. ನಮ್ಮ ಮನೆಯವರು ಅದನ್ನು ಎತ್ತಿ ಕುಡಿದು ಕೆಳಗಿಟ್ಟರು. "ಇವತ್ತ ಚಾ ಛಲೋ ಮಾಡೀದಿ ನೋಡು," ಎಂದರು. ಹನ್ನೆರಡು ವರ್ಷದಲ್ಲಿ ಅದೇ ಮೊದಲ ಹೊಗಳಿಕೆ, ಹಾಗಾಗಿ ನಾನು ಬಾಯಿ ಬಿಡಲಿಲ್ಲ.

೪. ನಡುವಿನ ಖಾಲಿ ಜಾಗ

ಬೀಳ್ಕೊಡುಗೆಯ ಹಿಂದಿನ ದಿನ ನಲವತ್ತೂ ಕಾರ್ಡು ಮುಗಿದವು. ಸುತ್ತ ಬೆಂಡೆಯ ಹೂವು, ಮೂಲೆಗೆ ಕಮಲ, ನಡುವೆ ಹುಡುಗಿಯರಿಗೆ ಶುಭಾಶಯ ಬರೆಯಲು ಖಾಲಿ ಜಾಗ. ಒಣಗಲೆಂದು ಮನೆ ಮುಂದಿನ ಕಟ್ಟೆಯ ಮೇಲೆ ಸಾಲಾಗಿ ಹರವಿ, ನೇರಳೆ ಮಸಿಯ ಪ್ಯಾಡು ಪಕ್ಕಕ್ಕಿಟ್ಟು ಸ್ನಾನಕ್ಕೆ ಹೋದೆ.

ಬರುವಷ್ಟರಲ್ಲಿ ಕಟ್ಟೆಯ ಮುಂದೆ ಓಣಿಯ ಎಂಟು ಹೆಂಗಸರು ಸಾಲು ನಿಂತಿದ್ದರು. ಅವರಲ್ಲೊಬ್ಬಳು, ಎದುರು ಮನೆಯ ಮುದುಕಿ ಆಯಿ, ಮುಂದೆ ನಿಂತು ತಾನೂ ಒತ್ತಿ ಎಲ್ಲರಿಂದ ಹೆಬ್ಬೆಟ್ಟು ಒತ್ತಿಸುತ್ತಿದ್ದಳು. ಮಸಿಯ ಪ್ಯಾಡು, ಸೀಲು ಬಿದ್ದ ಕಾಗದ, ನಡುವೆ ಖಾಲಿ ಜಾಗ: ನಮ್ಮ ಓಣಿಯಲ್ಲಿ ಹಾಗೆಂದರೆ ಹೊಸ ಯೋಜನೆಯ ಅರ್ಜಿ ಬಂದಿದೆ ಎಂದೇ ಅರ್ಥ.

"ನೀ ಒಳಗಿದ್ದಿ, ನಿನಗ್ಯಾಕ ತ್ರಾಸ ಅಂತ ನಾವs ಒತ್ತೀವಿ," ಎಂದಳು ಆಯಿ. "ಒಬ್ಬೊಬ್ಬಾಕಿ ಐದೈದು. ಒಂದು ಬಿಟ್ರ ಅರ್ಜಿ ವಾಪಸ್ ಬರ್ತೈತಿ."

ನಲವತ್ತು ಕಾರ್ಡಿನ ನಟ್ಟನಡುವೆ ನಲವತ್ತು ನೇರಳೆ ಹೆಬ್ಬೆಟ್ಟು. ಅವರು ಹೋದ ಮೇಲೆ ನಾನು ಕಟ್ಟೆಯಲ್ಲೇ ಕೂತು ಅತ್ತೆ. ಹೊಸದಾಗಿ ಮಾಡಲು ಕಾಗದವೂ ಇರಲಿಲ್ಲ, ಹೊತ್ತೂ ಇರಲಿಲ್ಲ. ಕಚೇರಿಯಿಂದ ಬಂದ ನಮ್ಮ ಮನೆಯವರು ಈಗ ಬೈಯುತ್ತಾರೆ ಎಂದುಕೊಂಡೆ. ಅವರು ಒಂದು ಕಾರ್ಡನ್ನು ಅತ್ತಿತ್ತ ತಿರುಗಿಸಿ ನೋಡಿ, ಜೇಬಿನ ಪೆನ್ನು ತೆಗೆದರು.

"ಇದಕ್ಕ ಎರಡು ಕಾಲು, ಒಂದು ಚುಂಚ ಹಚ್ಚಿದ್ರ ಗುಬ್ಬಿ ಆಗ್ತೈತಿ ನೋಡು."

ಆಯಿತು. ಇಬ್ಬರೂ ಕೂತು ನಲವತ್ತು ಗುಬ್ಬಿ ಮಾಡಿದೆವು. ಇಪ್ಪತ್ತು ಅವರೇ ಬರೆದರು, ನನ್ನವಕ್ಕಿಂತ ಅವರವೇ ಚೆನ್ನಾಗಿದ್ದವು. ಮರುದಿನ ಸುರಪುರದಲ್ಲಿ ಹುಡುಗಿಯರು ಗುಬ್ಬಿಗಾಗಿ ಕಿತ್ತಾಡಿದರಂತೆ. ಹೆಡ್‌ಮಿಸ್ಟ್ರೆಸ್ ವಾರ ಕಳೆದು ಫೋನು ಮಾಡಿ, "ಟೀಚರುಗಳಿಗೂ ಬೇಕಂತ್ರಿ, ಇನ್ನೂ ನಲವತ್ತು ಕಳಸ್ರಿ. ಗುಬ್ಬಿ ಮಾತ್ರ ಅವs ಇರಬೇಕು," ಎಂದರು. ನನಗೆ ಕುಣಿಯುವಷ್ಟು ಖುಷಿಯಾಯಿತು.

ಆದರೆ ನನ್ನ ಹೆಬ್ಬೆರಳು ತೀರ ಸಣ್ಣದು. ಒತ್ತಿದರೆ ಗುಬ್ಬಿ ಬರಲಿಲ್ಲ, ನೊಣ ಬಂತು. ಪ್ಯಾಡು ಹಿಡಿದು ಎದುರು ಮನೆಗೆ ಹೋಗಿ, ನಡೆದದ್ದನ್ನೆಲ್ಲ ಆಯಿಗೆ ಹೇಳಿ, ಇನ್ನೊಮ್ಮೆ ಒತ್ತಿಕೊಡು ಎಂದು ಕೇಳಿಕೊಂಡೆ.

ಆಯಿ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ಆ ಕೆಲಸ ಬಿಟ್ಟೀನವ್ವ. ಮೊನ್ನೆ ಮೊಮ್ಮಗಳು ನಮ್ಮ ಎಂಟೂ ಮಂದಿಗೆ ಸಹಿ ಮಾಡೋದು ಕಲಿಸ್ಯಾಳ. ನಲವತ್ತಕ್ಕೂ ಸಹಿ ಮಾಡಿ ಕೊಡಂದ್ರ ಕೊಡ್ತೀನಿ. ಹೆಬ್ಬಟ್ಟು ಬೇಕಂದ್ರ ನಿನ್ನ ಗಂಡಗ ಹೇಳು. ದಿನಾ ಆಫೀಸಿನಾಗ ಸಹಿ ಮಾಡ್ತಾನ, ಒಂದಿನ ಅವನೂ ಒತ್ತಲಿ."