ಮಂಡಕ್ಕಿ ಭಟ್ಟಿಯ ರಾಷ್ಟ್ರೀಯ ಅಕಾಡೆಮಿ

1998ರ ಜೂನ್ 14, ಭಾನುವಾರ, ಬೆಳಿಗ್ಗೆ ಏಳೂವರೆ. ವಿಜ್ಞಾನ ಮತ್ತು ಮಾನವಿಕ ಶಾಸ್ತ್ರಗಳ ಸಂಶೋಧನೆಯನ್ನು ಪ್ರೋತ್ಸಾಹಿಸುವ ರಾಷ್ಟ್ರೀಯ ಅಕಾಡೆಮಿಯೊಂದು ಕೊಟ್ಟೂರಿನಲ್ಲಿ ಹುಟ್ಟಿದ್ದು ಆಗ. ನಿಮಗೆ ಗೊತ್ತಿರಲಿಕ್ಕಿಲ್ಲ. ದೆಹಲಿಯವರಿಗೂ ಗೊತ್ತಿಲ್ಲ. ಸ್ಥಾಪಕರು ನನ್ನ ಸೋದರಮಾವ. ಸ್ಥಳ ಅವರ ಮಂಡಕ್ಕಿ ಭಟ್ಟಿ. ಹಾಜರಿದ್ದವರು ಅವರು, ನಾನು ಮತ್ತು ಅಕ್ಕಿ ಚೀಲಗಳು. ನನಗೆ ದಿನಚರಿ ಬರೆಯುವ ಚಟವಿದ್ದುದರಿಂದ ಕಾರ್ಯದರ್ಶಿಯ ಪಟ್ಟ ನನಗೇ ಬಂತು. ಅಕ್ಕಿ ಚೀಲಗಳು ವಿರೋಧಿಸಲಿಲ್ಲ.

ಮಾವನಿಗೆ ಹುಚ್ಚುಗಳು ಹೊಸದೇನಲ್ಲ. ದನಗಳು ಯಾವ ದಿಕ್ಕಿಗೆ ಮುಖ ಮಾಡಿ ಮಲಗುತ್ತವೆ ಎಂದು ತಿಳಿಯಲು ಒಂದು ಬೇಸಿಗೆ ಪೂರ್ತಿ ದಿಕ್ಸೂಚಿ ಹಿಡಿದು ಊರು ಸುತ್ತಿದ್ದರು. ದನ ಕಳೆದುಕೊಂಡವರೆಲ್ಲ ಅವರನ್ನೇ ವಿಚಾರಿಸತೊಡಗಿದ ಮೇಲೆ ಆ ಸಂಶೋಧನೆ ನಿಂತಿತು. ಆದರೆ ಈ ಅಕಾಡೆಮಿಯ ಹುಚ್ಚು ಬೆಂಗಳೂರಿನ ಮಳೆಯಿಂದ ಬಂದದ್ದು.

ಜರಡಿ ತರಲೆಂದು ಬೆಂಗಳೂರಿಗೆ ಹೋದವರು ಮಳೆಗೆ ಹೆದರಿ ಒಂದು ದೊಡ್ಡ ಕಟ್ಟಡದೊಳಗೆ ನುಗ್ಗಿದರು. ಅಲ್ಲಿ ಯಾವುದೋ ರಾಷ್ಟ್ರೀಯ ಅಕಾಡೆಮಿಯ ವಾರ್ಷಿಕ ಸಭೆ. ಬಾಗಿಲಲ್ಲಿದ್ದವರು ಇವರ ಬಿಳಿ ಅಂಗಿ, ಕನ್ನಡಕ ನೋಡಿ ಕೈಗೊಂದು ಚೀಲ, ಪೆನ್ನು, ಊಟದ ಚೀಟಿ ಕೊಟ್ಟು ಒಳಗೆ ಕೂರಿಸಿದರು. ಮೂರು ಗಂಟೆಯ ಭಾಷಣಗಳಲ್ಲಿ ಮಾವನಿಗೆ ಅರ್ಥವಾದದ್ದು ಒಂದೇ ಸಂಗತಿ.

"ನೋಡವ್ವಾ, ಒಬ್ಬ ಮುದುಕಪ್ಪ ಮಾತಾಡಿದ. ದೊಡ್ಡ ಮನುಷ್ಯ, ಎಲ್ಲಾರೂ ಎದ್ದು ನಿಂತು ಕೈ ಮುಗೀತಿದ್ರು. ಅವನ ಮಾತು ಮುಗಿಯೋದ ತಡ, ನಿನ್ನ ವಯಸ್ಸಿನ ಹುಡುಗಿ ಎದ್ದು ನೀವು ಹೇಳಿದ್ದು ತಪ್ಪೈತಿ ಅಂದ್ಲು. ಮುದುಕಪ್ಪ ಏನ್ ಮಾಡಿದ ಹೇಳು?"

"ಬೈದ್ರಾ?"

"ಥ್ಯಾಂಕ್ಸ್ ಅಂದ. ಬರಕೊಂಡ. ಮತ್ತೊಮ್ಮಿ ನೋಡ್ತೀನಿ ಅಂದ. ನಮ್ಮ ಕಡಿಗೆ ಯಾರಿಗಾರ ತಪ್ಪು ಅಂದ್ರ ಮುಂದಿನ ಮೂರು ಮದುವಿಗೆ ಕರಿಯಾಂಗಿಲ್ಲ."

ಅಷ್ಟೇ. ಜರಡಿ ತರಲಿಲ್ಲ, ಅಕಾಡೆಮಿ ತಂದರು.

ಹೆಸರಿನ ಬಗ್ಗೆ ಅತ್ತೆಯ ತಕರಾರು ಅಂದೇ ಶುರುವಾಯಿತು.

"ರಾಷ್ಟ್ರೀಯ ಯಾಕ್ರಿ? ತಾಲ್ಲೂಕು ಅಕಾಡೆಮಿ ಅಂತ ಇಡ್ರಿ, ಸಾಕು."

"ತಾಲ್ಲೂಕು ಅಂದ್ರ ಕೂಡ್ಲಿಗಿ ತಾಲ್ಲೂಕು ಕಚೇರಿಯವರು ಬಂದು ಯಾರನ್ನ ಕೇಳಿ ಮಾಡಿದ್ರಿ ಅಂತಾರ. ರಾಷ್ಟ್ರ ಅಂದ್ರ ಯಾರೂ ಕೇಳಾಂಗಿಲ್ಲ."

"ಅಕಾಡೆಮಿ ಮಂಡಕ್ಕಿ ಹುರಿತೈತೇನು?"

ಅತ್ತೆ ಜರಡಿ ಹಿಡಿದು ಒಳಗೆ ಹೋದರು. ಹಳೆಯ, ತೂತು ಬಿದ್ದ ಜರಡಿ.

ನಿಯಮಗಳಲ್ಲಿ ಮುಖ್ಯವಾದದ್ದು ಹೆಸರಿಲ್ಲದ ಪರೀಕ್ಷೆ. ಸಂಶೋಧನಾ ಪ್ರಬಂಧ ಬರೆದವರು ಯಾರೆಂದು ಪರೀಕ್ಷಕರಿಗೆ ತಿಳಿಯಬಾರದು, ಪರೀಕ್ಷಿಸಿದವರು ಯಾರೆಂದು ಬರೆದವರಿಗೆ ತಿಳಿಯಬಾರದು. ಪ್ರಬಂಧಕ್ಕೆ ಮೂವರು ಪರೀಕ್ಷಕರು, ಬರೆದವರಿಗೂ ಅವರಿಗೂ ನೆಂಟಸ್ತಿಕೆ ಇರಕೂಡದು. ಕೊಟ್ಟೂರೂ ಸೇರಿ ನಮ್ಮ ಸುತ್ತಿನ ಐದು ಊರುಗಳಲ್ಲಿ ಈ ನಿಯಮವನ್ನು ಪಾಲಿಸಿ ತೋರಿಸಿ ನೋಡೋಣ! ಹಡಗಲಿಯ ಹೂವಿನ ವ್ಯಾಪಾರಿ ಅತ್ತೆಯ ಅಣ್ಣ. ಕೂಡ್ಲಿಗಿಯ ದನದ ಆಸ್ಪತ್ರೆಯ ಕಾಂಪೌಂಡರು ಬೀಗರು. ಹರಪನಹಳ್ಳಿಯ ಬಟ್ಟೆ ಅಂಗಡಿಯವರು ಮಾವನ ಚಿಕ್ಕಪ್ಪನ ಮಗ. ಹಗರಿಬೊಮ್ಮನಹಳ್ಳಿಯ ಮೇಷ್ಟ್ರೊಬ್ಬರು ಯಾರಿಗೂ ಏನೂ ಅಲ್ಲ ಎಂದು ಮಾವ ಕುಣಿದಾಡಿದರು. ಎರಡೇ ತಿಂಗಳಲ್ಲಿ ಅವರ ಮಗಳನ್ನು ನಮ್ಮ ಸಂಬಂಧಿಕರ ಹುಡುಗನಿಗೆ ಗೊತ್ತು ಮಾಡಿದರು. ಕಡೆಗೆ ನೆಂಟಸ್ತಿಕೆಯ ಷರತ್ತು ಕೈಬಿಟ್ಟು, ಹೆಸರಿನ ಷರತ್ತು ಉಳಿಸಿಕೊಂಡೆವು. ಅಕ್ಷರದ ಗುರುತು ಸಿಗದಂತೆ ಎಲ್ಲ ಪ್ರಬಂಧಗಳನ್ನೂ ನಾನೇ ಪ್ರತಿ ಮಾಡುತ್ತಿದ್ದೆ.

ಆದರೆ ಹಡಗಲಿಯ ಮಲ್ಲಿಗೆಯ ಪರಿಮಳ ಬಸ್ಸಿನಲ್ಲಿ ಎಲ್ಲಿಯ ತನಕ ಉಳಿಯುತ್ತದೆ ಎಂಬ ಪ್ರಬಂಧವನ್ನು ಯಾರು ಬರೆದಾರು? ಹರಪನಹಳ್ಳಿ ಪಕ್ಕದ ಬಾಗಳಿಯ ದೇವಸ್ಥಾನದ ಶಿಲ್ಪಗಳ ಸೀರೆ ನೆರಿಗೆಗಳನ್ನು ಬಟ್ಟೆ ಅಂಗಡಿಯವರಲ್ಲದೆ ಇನ್ಯಾರು ಎಣಿಸಿಯಾರು? ಮಲ್ಲಿಗೆಯದು ಒಮ್ಮೆ ತಿರುಗಿ ಹೋಯಿತು, ನೆರಿಗೆಯದು ಎರಡು ಸಲ. ಎರಡು ವರ್ಷದ ನನ್ನ ಲೆಕ್ಕ: ಬಂದ ಪ್ರಬಂಧ ಐದು, ಪಾಸಾದದ್ದು ಸೊನ್ನೆ, ಮಾತು ಬಿಟ್ಟ ಮನೆಗಳು ಮೂರು.

ಐದನೆಯದು ಮಾವನದೇ. 'ಒಂದೇ ಉಸುಕು, ಒಂದೇ ಉರಿ ಇದ್ದರೂ ಕೆಲವು ಅಕ್ಕಿಕಾಳು ಅರಳದೆ ಉಳಿಯುವುದೇಕೆ?' ಎಂಬುದು ಅದರ ಹೆಸರು. ಎರಡು ವರ್ಷ ಅದಕ್ಕಾಗಿ ಬೇರೆ ಬೇರೆ ಅಕ್ಕಿ ತಂದು, ಉಪ್ಪುನೀರಿನಲ್ಲಿ ನೆನೆಸಿ, ಒಣಗಿಸಿ, ಬಿಸಿ ಉಸುಕಿನಲ್ಲಿ ಹುರಿದು, ಅರಳದ ಕಾಳುಗಳನ್ನು ಆರಿಸಿ ಡಬ್ಬಿಗಳಲ್ಲಿ ತುಂಬಿಟ್ಟಿದ್ದರು. "ಇದೊಂದು ಪಾಸಾದ್ರ ಬೆಂಗಳೂರಿಗೆ ಒಯ್ದು ಆ ಮುದುಕಪ್ಪನ ಮುಂದ ಓದ್ತೀನಿ" ಎಂದು ನನ್ನೊಬ್ಬಳಿಗೇ ಹೇಳಿದ್ದರು. ಅಂದು ಕೊಟ್ಟ ಚೀಲವನ್ನು ಒಗೆದು, ಇಸ್ತ್ರಿ ಮಾಡಿಸಿ, ಭಟ್ಟಿಯ ಗೋಡೆಯ ಮೊಳೆಗೆ ತೂಗುಹಾಕಿದ್ದರು.

"ಯಾವ ಕಾಳು ಅರಳಲಿಲ್ಲಂದ್ರ ಏನ್ರಿ ಈಗ? ನಮ್ಮನಿ ಗಂಡಸರಂಗ, ಎಷ್ಟು ಕಾಯಿಸಿದ್ರೂ ಅಷ್ಟೇ" ಎಂದು ಅತ್ತೆ ನಗುತ್ತಿದ್ದರು.

ನಾನು ಪ್ರತಿ ಮಾಡಿ ಕಳಿಸಿದೆ. ಕೂಡ್ಲಿಗಿಯವರು 'ಒಪ್ಪಿಗೆಯಿಲ್ಲ' ಎಂದು ಬರೆದು ಕೊಟ್ಟು, ನನ್ನ ಕಿವಿಯ ಹತ್ತಿರ ಬಗ್ಗಿದರು. "ಬೀಗರದ ಅಂತ ಗೊತ್ತೈತವ್ವ. ಪಾಸ್ ಮಾಡಿದ್ರ ಬೀಗರು ಅಂತ ಮಾಡ್ಯಾನ ಅಂತಾರ. ನಿಯಮ ಅಂದ್ರ ನಿಯಮ." ಹರಪನಹಳ್ಳಿಯವರೂ ಅದನ್ನೇ ಬರೆದರು, ಆದರೆ ಇನ್ನೂ ಕಟ್ಟುನಿಟ್ಟು. "ನಮ್ಮಣ್ಣಂದು ಅಂತ ಹೆಡ್ಡಿಂಗಿನಾಗ ಗೊತ್ತಾತು. ಅದಕ್ಕ ಓದಲೇ ಇಲ್ಲ. ಓದಿದ್ರ ಮನಸು ಕರಗಿಬಿಡ್ತೈತಿ." ಹಡಗಲಿಯವರದು ಮದುವೆ ಸುಗ್ಗಿ. ಮಲ್ಲಿಗೆಯ ಗಡಿಬಿಡಿಯಲ್ಲಿ ಓದದೆಯೇ ಹಿಂದಕ್ಕೆ ಕಳಿಸಿದರು.

ಮೂರನೆಯ ಪರೀಕ್ಷಕರಿಲ್ಲದೆ ಸಭೆ ನಡೆಯುವಂತಿಲ್ಲ. ಹಗರಿಬೊಮ್ಮನಹಳ್ಳಿಯ ಮೇಷ್ಟ್ರು ಮಾತು ಬಿಟ್ಟವರ ಪೈಕಿ. ಬೇರೆ ದಾರಿ ಕಾಣದೆ ನಾನು ಅಡುಗೆಮನೆಗೆ ಹೋದೆ. ಅತ್ತೆ ಮೆಣಸಿನಕಾಯಿ ಸೀಳುತ್ತಾ ಕೂತಿದ್ದರು. ಯಾರದೆಂದು ಹೇಳದೆ ಓದಿದೆ. ಯಾರದೆಂದು ಅವರು ಕೇಳಲೂ ಇಲ್ಲ. ಮೊದಲ ಪುಟಕ್ಕೆ ನಕ್ಕರು. ಎರಡನೆಯದಕ್ಕೆ ಮೆಣಸಿನಕಾಯಿ ಕೆಳಗಿಟ್ಟರು. ಮೂರನೆಯದು ಮುಗಿದಾಗ, "ಆ ಡಬ್ಬಿ ಲೆಕ್ಕ ಇನ್ನೊಮ್ಮಿ ಓದು" ಎಂದರು. ಓದಿದೆ. ಆಮೇಲೆ ಏನು ಬರೆಯಬೇಕೆಂದು ಹೇಳಿದರು.

ಸಭೆಯ ದಿನ ಭಟ್ಟಿಯ ಮುಂದೆ ಚಾಪೆ. ಎಲ್ಲರ ಮುಂದೆಯೂ ಮಂಡಕ್ಕಿ, ಮಿರ್ಚಿ. ಅತ್ತೆ ಬಾಗಿಲಲ್ಲಿ ನಿಂತಿದ್ದರು. ನಾನು ಮೊದಲನೆಯ ಅಭಿಪ್ರಾಯ ಓದಿದೆ: ಒಪ್ಪಿಗೆಯಿಲ್ಲ. ಎರಡನೆಯದು: ಒಪ್ಪಿಗೆಯಿಲ್ಲ. ಮಾವನ ಕೈಯ ಮಿರ್ಚಿ ಕೈಯಲ್ಲೇ ಉಳಿಯಿತು. ಬೀಗರು ನೆಲ ನೋಡಿದರು. ಹರಪನಹಳ್ಳಿಯವರು ಮೊಳೆಯ ಮೇಲಿನ ಚೀಲ ನೋಡಿ, ಮುಖ ತಿರುಗಿಸಿದರು.

ಮೂರನೆಯದು ಓದಿದೆ. "ಸದ್ಯಕ್ಕೆ ಒಪ್ಪಿಗೆಯಿಲ್ಲ. ಅಕ್ಕಿಯ ವಿಷಯ ಎಲ್ಲ ಬರೆದಿದೆ, ಉಸುಕಿನ ವಿಷಯ ಬರೆದಿಲ್ಲ. ಹೊಸ ಉಸುಕೋ ಹಳೆಯದೋ? ಹೊಸದು ಹಾಕಿದ ದಿನ ಕಾಳು ಹೆಚ್ಚು ಉಳಿಯುತ್ತದೆಂದು ನನಗೆ ಅನುಮಾನ, ನೋಡಿದವಳಲ್ಲ. ಎರಡು ಬಾಣಲೆ ಇಟ್ಟು ಮತ್ತೊಮ್ಮೆ ಮಾಡಿ ನೋಡಬೇಕು. ಮಾಡುವಷ್ಟು ಯೋಗ್ಯವಾದ ಕೆಲಸ ಇದು."

'ನೋಡಿದವಳಲ್ಲ' ಎಂದು ಓದಿದ ಮೇಲೆ ನಿಯಮ ಎಲ್ಲಿ ಉಳಿಯಿತು? ಯಾರೂ ತಿರುಗಿ ನೋಡಲಿಲ್ಲ. ಬಾಗಿಲಲ್ಲಿ ಮಾತ್ರ ಬಳೆ ಸದ್ದಾಯಿತು. ಅತ್ತೆ ಒಳಗೆ ಹೋಗಿದ್ದರು. ಮಾವ ಅಧ್ಯಕ್ಷರಾಗಿ ತಮ್ಮದೇ ತಿರಸ್ಕಾರ ಪತ್ರಕ್ಕೆ ಸಹಿ ಹಾಕಿದರು. ಅಷ್ಟು ನೆಟ್ಟಗೆ ಅವರು ಯಾವತ್ತೂ ಸಹಿ ಮಾಡಿದವರಲ್ಲ.

ಮರುದಿನ ಬೆಳಿಗ್ಗೆ ನಾನು ಹೋದಾಗ ಭಟ್ಟಿಯ ಮೇಲೆ ಎರಡು ಬಾಣಲೆಗಳಿದ್ದವು. ಒಂದರಲ್ಲಿ ಕಪ್ಪಾದ ಹಳೆಯ ಉಸುಕು, ಇನ್ನೊಂದರಲ್ಲಿ ಹಳ್ಳದಿಂದ ತಂದ ಹೊಸದು. ಹಳೆಯದರ ಮುಂದೆ ಅತ್ತೆ, ಹೊಸದರ ಮುಂದೆ ಮಾವ.

"ಉರಿ ಸಣ್ಣ ಮಾಡ್ರಿ. ಎರಡೂ ಒಂದೇ ಸಮ ಇರಬೇಕು. ನೀವು ಮಾಡಿದ್ದು ತಪ್ಪೈತಿ."

ಮಾವ ಉರಿ ಸಣ್ಣ ಮಾಡಿದರು. "ಥ್ಯಾಂಕ್ಸ್" ಎಂದರು.

"ಅಯ್ಯ, ಹುಚ್ಚು" ಎಂದರು ಅತ್ತೆ, ಸೆರಗಿನಲ್ಲಿ ಮುಖದ ಬೆವರು ಒರೆಸುತ್ತಾ. ಮೊಳೆಯ ಮೇಲಿನ ಚೀಲ ಅಲ್ಲಿರಲಿಲ್ಲ. ಅದು ಅತ್ತೆಯ ಮಗ್ಗುಲಲ್ಲಿತ್ತು, ಅರಳದ ಕಾಳು ಹಾಕಲು.

ಪ್ರಯೋಗ ಇನ್ನೂ ಮುಗಿದಿಲ್ಲ. ಹೊಸ ಉಸುಕಿಗೂ ಹಳೆಯ ಉಸುಕಿಗೂ ಇರುವ ವ್ಯತ್ಯಾಸ ತಿಳಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ. ತಪ್ಪು ಕಂಡರಂತೂ ತಪ್ಪದೆ ಬರೆಯಿರಿ. ಹೆಸರು ಮಾತ್ರ ಹಾಕಬೇಡಿ. ಅಕಾಡೆಮಿಯ ಆ ನಿಯಮ ಇನ್ನೂ ಇದೆ, ಯಾರೂ ಪಾಲಿಸದಿದ್ದರೂ.