ಒಳಗಿನ ಯಂತ್ರ ಮುಚ್ಚಲು ಹೋದದ್ದು

ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದು ನನಗೆ ಹುಟ್ಟಿನಿಂದಲೇ ಬಂದ ವಿದ್ಯೆ. ಮದುವೆಯ ಕರೆಯೋಲೆ ಕೈಗೆ ಬಂದರೂ ಮೊದಲು ಮುದ್ರಣದೋಷ ನೋಡುತ್ತೇನೆ, ಆಮೇಲೆ ಮದುಮಕ್ಕಳ ಹೆಸರು! ಆದ್ದರಿಂದ ನಮ್ಮ ಆಫೀಸಿನ ಹೇತಲ್ ಶನಿವಾರ ಫೋನ್ ಮಾಡಿ, "ಸರ್, ನನ್ನ ಕೋಡ್ ಒಮ್ಮೆ ಪರಿಶೀಲಿಸ್ತೀರಾ? ನಾಳೆ ಸಂಜೆ ಆರರೊಳಗೆ ಒಪ್ಪಿಗೆ ಸಿಗಬೇಕು" ಎಂದು ಹಿಂದಿಯಲ್ಲಿ ಕೇಳಿದಾಗ ನಾನು ಗಂಭೀರವಾಗಿ, "ನಾನಿದ್ದೇನಲ್ಲ!" ಎಂದೆ.

ಪಾಪ, ಆ ಹುಡುಗಿ ಆರು ತಿಂಗಳಿಂದ ಒದ್ದಾಡುತ್ತಿದ್ದಳು. ಕಂಪ್ಯೂಟರಿನ ಬುಡದಲ್ಲಿ ಕೂತು ಎಲ್ಲವನ್ನೂ ನಡೆಸುವ ಕರ್ನೆಲ್ ಎಂಬ ಪ್ರೋಗ್ರಾಮಿಗೆ ಅವಳು ಕಳಿಸುತ್ತಿದ್ದ ಮೊದಲ ಬದಲಾವಣೆ ಅದು. ಭಾನುವಾರ ಆರು ದಾಟಿದರೆ ಬಾಗಿಲು ಮುಚ್ಚುತ್ತದೆ, ಮತ್ತೆ ತೆರೆಯಲು ತಿಂಗಳುಗಟ್ಟಲೆ ಕಾಯಬೇಕು. ಸೂರತ್ತಿನ ವರಾಛಾದಲ್ಲಿ ವಜ್ರಕ್ಕೆ ಪಾಲಿಶ್ ಹಾಕುವ ಅವಳ ಅಪ್ಪ ದಿನಾ ಸಂಜೆ ಫೋನ್ ಮಾಡಿ "ಪಾಸಾಯಿತಾ?" ಎಂದು ಕೇಳುತ್ತಿದ್ದರಂತೆ.

ಭಾನುವಾರ ಬೆಳಿಗ್ಗೆ ಬೋಪಾಲ್ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ಲ್ಯಾಪ್‌ಟಾಪ್ ತೆರೆದು ಕೂತೆ. ಹೆಂಡತಿ ಶೈಲಾ ಚಹಾ ತಂದಳು. ಅವಳು ಧಾರವಾಡದವಳು.

"ಏನ್ರೀ ಅದು, ರವಿವಾರನೂ ಗುಡ್ಡ ಹೊತ್ತವ್ರಂಗ ಕುಂತೀರಿ?"

"ಹೇತಲ್ ಕೋಡ್ ಬರದಾಳ. ನೋಡು, ಅದರಿಂದ ಒಂದು ಕಂಪ್ಯೂಟರಿನ ಒಳಗ ಇನ್ನೊಂದು ಕಂಪ್ಯೂಟರ್ ಇದ್ದಂಗ ತೋರಿಸಬಹುದು. ಅದರ ಒಳಗ ಮತ್ತೊಂದು. ಒಳಗಿನದಕ್ಕ ತಾನು ಒಳಗದೀನಿ ಅಂತ ಗೊತ್ತೇ ಆಗೂದಿಲ್ಲ!"

"ಅಂದ್ರ ನಮ್ಮ ಸ್ಟೀಲ್ ಡಬ್ಬಿ ಇದ್ದಂಗ. ದೊಡ್ಡದರಾಗ ಸಣ್ಣದು, ಅದರಾಗ ಇನ್ನೂ ಸಣ್ಣದು."

ಜಗತ್ತಿನ ಮಹಾಮಹಾ ಬುದ್ಧಿವಂತರು ತಲೆ ಕೆಡಿಸಿಕೊಂಡ ವಿಷಯವನ್ನು ಡಬ್ಬಿಗೆ ಇಳಿಸಿಬಿಟ್ಟಳಲ್ಲ ಎಂದು ನನಗೆ ಸಿಟ್ಟೇ ಬಂತು. ಚಹಾ ಮಾತ್ರ ಕುಡಿದೆ.

ಕೋಡ್ ಓದಿದೆ. ಸತ್ಯ ಹೇಳಿಬಿಡುತ್ತೇನೆ, ಅರ್ಧಕ್ಕರ್ಧ ತಲೆಯ ಮೇಲಿಂದ ಹೋಯಿತು. ಆದರೆ ನನ್ನ ಹುಟ್ಟುವಿದ್ಯೆ ಕೈಬಿಡಲಿಲ್ಲ. ಎರಡು ಕಡೆ ಖಾಲಿ ಜಾಗ ಹೆಚ್ಚಾಗಿತ್ತು, ಒಂದು ಕಡೆ ಕಡಿಮೆಯಾಗಿತ್ತು, ಒಂದು ವಾಕ್ಯಕ್ಕೆ ಪೂರ್ಣವಿರಾಮವೇ ಇರಲಿಲ್ಲ! ಈ ಕೆಲಸದ ಪದ್ಧತಿಯೇನೆಂದರೆ, ಪರಿಶೀಲನೆಯ ಮಾತೆಲ್ಲ ಊರೆಲ್ಲ ಓದುವಂತೆ ಒಂದೇ ಮೇಲ್ ಪಟ್ಟಿಗೆ ಹೋಗಬೇಕು. "ಸದರಿ ಬದಲಾವಣೆಗಳನ್ನು ಕೂಲಂಕಷವಾಗಿ ಪರಿಶೀಲಿಸಲಾಗಿ" ಎಂಬ ಧಾಟಿಯ ಇಂಗ್ಲಿಷಿನಲ್ಲಿ ಉದ್ದನೆಯ ಮೇಲ್ ಕಳಿಸಿ ಮೀಸೆ ತಿರುವಿದೆ. ಮೀಸೆ ಇಲ್ಲ, ಆದರೂ ತಿರುವಿದೆ.

ಅರ್ಧ ಗಂಟೆಯಲ್ಲಿ ಉತ್ತರ ಬಂತು. ಕರ್ನೆಲ್‌ನ ಆ ಭಾಗದ ಉಸ್ತುವಾರಿ ವಿದೇಶದಲ್ಲಿರುವ ಒಬ್ಬ ಹಿರಿಯರದು. ಅವರು ಬರೆದಿದ್ದರು: "ಖಾಲಿ ಇರುವ ಜಾಗಗಳ ಬಗ್ಗೆ ತಿಳಿಸಿದ್ದಕ್ಕೆ ಧನ್ಯವಾದ. ಕೋಡ್ ಇರುವ ಜಾಗಗಳ ಬಗ್ಗೆಯೂ ತಮ್ಮ ಅಭಿಪ್ರಾಯವಿದೆಯೇ? ಇದನ್ನು ಓಡಿಸಿ ನೋಡಿದ್ದೀರಾ?"

ಊರೆಲ್ಲ ಓದಿತು! ನನ್ನ ಕಿವಿ ಬಿಸಿಯಾಯಿತು. ಹೇತಲ್ ಫೋನ್ ಮಾಡಿ ಸಣ್ಣ ದನಿಯಲ್ಲಿ, "ಸರ್, ನೀವು ಓಡಿಸಿ ನೋಡಿದೆ ಅಂತ ಬರೆಯದಿದ್ದರೆ ಅವರು ಒಪ್ಪೋದಿಲ್ಲ" ಎಂದಳು.

ಇಷ್ಟೇ ತಾನೇ! ಆಫೀಸಿನಲ್ಲಿ ನಮ್ಮ ತಂಡದವರೆಲ್ಲ ಬಳಸುವ ದೊಡ್ಡ ಯಂತ್ರವೊಂದಿದೆ. ಹೇತಲ್‌ಳ ಕೋಡ್ ಅದರಲ್ಲೇ ಇತ್ತು. ಮನೆಯಿಂದಲೇ ಅದರೊಳಗೆ ಹೊಕ್ಕೆ. ಅದರ ಒಳಗೊಂದು ಯಂತ್ರ ಎಬ್ಬಿಸಿದೆ, ಅದರೊಳಗೆ ಇನ್ನೊಂದು. ಪರದೆಯ ಮೇಲೆ ಮೂರು ಕಪ್ಪು ಕಿಟಕಿ, ಮೂರೂ ತದ್ರೂಪು. ಎಲ್ಲವೂ ಚೆನ್ನಾಗಿ ಓಡತೊಡಗಿದವು. ಖುಷಿಯಿಂದ ಕುರ್ಚಿಯಲ್ಲೇ ಒಂದು ಸುತ್ತು ತಿರುಗಿದೆ.

ಆಗ ಎದುರು ಮನೆಯ ಭರತ್‌ಭಾಯಿ ಫಾಫ್ಡಾ-ಜಲೇಬಿಯ ಪೊಟ್ಟಣ ಹಿಡಿದು ಬಂದರು. ಪರದೆ ನೋಡಿ, "ಅರೇ ವಾಹ್! ಏನಿದು?" ಎಂದರು.

ಇಷ್ಟು ದಿನಕ್ಕೆ ಒಬ್ಬರಾದರೂ ಕೇಳಿದರಲ್ಲ! ಬಾಯಲ್ಲಿ ಜಲೇಬಿ ಇಟ್ಟುಕೊಂಡೇ ಉಪನ್ಯಾಸ ಶುರು ಮಾಡಿದೆ. "ಇದರ ಸೊಗಸೇ ಇದು ಭರತ್‌ಭಾಯಿ. ತೀರಾ ಒಳಗಿನ ಯಂತ್ರವನ್ನು ಈಗ ಮುಚ್ಚುತ್ತೇನೆ. ಹೊರಗಿನವಕ್ಕೆ ಒಂದು ಚೂರೂ ಗೊತ್ತಾಗುವುದಿಲ್ಲ. ನೋಡ್ತಾ ಇರಿ!"

ಒಂದು ಕಿಟಕಿಯಲ್ಲಿ ಯಂತ್ರ ಮುಚ್ಚುವ ಆಜ್ಞೆ ಬರೆದು, ತಬಲಜಿಯ ಠೀವಿಯಲ್ಲಿ ಕೊನೆಯ ಗುಂಡಿ ಒತ್ತಿದೆ.

ಮೂರೂ ಕಿಟಕಿ ಸತ್ತವು.

"ಬಹುತ್ ಅಚ್ಛಾ!" ಎಂದು ಭರತ್‌ಭಾಯಿ ಚಪ್ಪಾಳೆ ತಟ್ಟಿದರು. "ಸಬ್ ಬಂದ್!"

ಜಲೇಬಿ ನುಂಗಿ ಪರದೆಗೆ ಮೂಗು ತಾಗಿಸಿದೆ. ನಾನು ಮುಚ್ಚಿದ್ದು ಒಳಗಿನ ಯಂತ್ರವನ್ನಲ್ಲ, ಎಲ್ಲಕ್ಕಿಂತ ಹೊರಗಿನ ಆಫೀಸಿನ ಯಂತ್ರವನ್ನು! ಫೋನ್ ರಿಂಗಾಯಿತು. "ಸರ್, ಯಂತ್ರ ಹೋಯ್ತು!" ಹೇತಲ್ ಅಳುವ ಹಾಗಿದ್ದಳು. "ಶುಕ್ರವಾರದಿಂದ ಓಡ್ತಾ ಇದ್ದ ನನ್ನ ಪರೀಕ್ಷೆ ಅದರಲ್ಲೇ ಇತ್ತು. ಯಾರು ಮಾಡಿದ್ರೋ ಗೊತ್ತಿಲ್ಲ!"

"ಯಾರೋ ಮೂರ್ಖ" ಎಂದೆ. ಸುಳ್ಳೇನೂ ಹೇಳಲಿಲ್ಲ.

"ಏನಾತ್ರೀ?" ಶೈಲಾ ಒಳಗಿಂದ ಓಡಿ ಬಂದಳು.

"ಆಫೀಸ್ ಮುಚ್ಚಿಬಿಟ್ಟೆ."

"ಅಯ್ಯ ಶಿವನ! ಮನ್ಯಾಗ ಕುಂತು?"

ಮನೆಯಲ್ಲಿ ಕೂತು ಮುಚ್ಚಬಹುದು, ತೆರೆಯಲು ಹೋಗಿಯೇ ಗುಂಡಿ ಒತ್ತಬೇಕು. ಸ್ಕೂಟರ್ ಹಾರಿಸಿಕೊಂಡು ಹೋದೆ. ಭಾನುವಾರದ ಮಧ್ಯಾಹ್ನ ಊಟ ಮುಗಿಸಿದ ಊರು ಗೊರಕೆ ಹೊಡೆಯುತ್ತಿತ್ತು, ನಮ್ಮ ಆಫೀಸಿನ ಕಾವಲುಗಾರನೂ. ಅವನನ್ನು ಎಬ್ಬಿಸಿ, ಒಳಗೆ ಹೋಗಿ, ಗುಂಡಿ ಒತ್ತುವ ಹೊತ್ತಿಗೆ ಹೇತಲ್ ಕೂಡ ಬಂದಳು. ಅವಳ ಮುಖ ನೋಡಿ ನನಗೆ ತಡೆಯಲಾಗಲಿಲ್ಲ. "ಆ ಮೂರ್ಖ ನಾನೇ ಅಮ್ಮಾ" ಎಂದುಬಿಟ್ಟೆ.

ಅವಳು ಕುರ್ಚಿ ಎಳೆದು ಕೂತಳು. "ಸರ್, ಒಂದೇ ಒಂದು ಸಹಾಯ. ನೀವು ಕೀಬೋರ್ಡ್ ಮುಟ್ಟಬೇಡಿ" ಎಂದಳು ಅಷ್ಟೇ. ನಾನು ಕೈಕಟ್ಟಿ ಕೂತೆ.

ಯಂತ್ರ ಸಾಯುವ ಮುನ್ನ ಒದರಿದ್ದೆಲ್ಲ ಅದರ ದಾಖಲೆಯಲ್ಲಿ ಉಳಿದಿತ್ತು. ಓದುತ್ತಾ ಓದುತ್ತಾ ಹೇತಲ್ ಎದ್ದೇ ನಿಂತಳು. ಹೊರಗಿನ ಯಂತ್ರ ಮುಚ್ಚಿಕೊಳ್ಳುವಾಗ ನಡುವಿನದನ್ನೂ ಮುಚ್ಚಿತ್ತು; ತೀರಾ ಒಳಗಿನದು ಓಡುತ್ತಿರುವಾಗಲೇ ನಡುವಿನದನ್ನು ಹಾಗೆ ಮುಚ್ಚಿದರೆ ಅವಳ ಕೋಡ್ ಎಡವುತ್ತಿತ್ತು! ಮೂರು ದಿನದ ಪರೀಕ್ಷೆಯಲ್ಲಿ ಸಿಗದ ತಪ್ಪು. ಬುದ್ಧಿ ನೆಟ್ಟಗಿದ್ದವರು ಯಾರೂ ಹಾಗೆ ಮುಚ್ಚುವುದಿಲ್ಲವಲ್ಲ, ಸಿಗುವುದೆಲ್ಲಿಂದ? ಅವಳು ಎರಡು ಸಾಲು ತಿದ್ದಿ, ಮತ್ತೆ ಓಡಿಸಿ, ಕಳಿಸುವಾಗ ಐದೂಕಾಲು. "ಓಡಿಸಿ ನೋಡಿದೆ" ಎಂಬ ಒಂದು ಸಾಲನ್ನು ನಾನು ಫೋನಿನಿಂದಲೇ ಮೇಲ್ ಮಾಡಿದೆ. ಆರಕ್ಕೆ ಐದು ನಿಮಿಷವಿದೆ ಎನ್ನುವಾಗ ಹಿರಿಯರು ಒಪ್ಪಿದರು. ಹೇತಲ್ ಅಪ್ಪನಿಗೆ ಫೋನ್ ಮಾಡಿ "ಪಪ್ಪಾ, ಪಾಸ್!" ಎಂದು ಕೂಗಿದಳು. ನನ್ನ ಕಣ್ಣಲ್ಲೂ ನೀರು ಬಂತು.

ಹೊರಡುವಾಗ ಅವಳೆಂದಳು: "ಸರ್, ನಿಮ್ಮ ಹೆಸರೂ ಹಾಕಿದ್ದೀನಿ. ಇನ್ನು ಶಾಶ್ವತ."

ಕರ್ನೆಲ್‌ನಲ್ಲಿ ನನ್ನ ಹೆಸರು! ನೆಲ ಮುಟ್ಟದೆ ಮನೆಗೆ ಬಂದೆ. ಶೈಲಾಳನ್ನು ಸೋಫಾದಲ್ಲಿ ಕೂರಿಸಿ, ಹೇತಲ್ ಬರೆದಿದ್ದ ಇಂಗ್ಲಿಷನ್ನು ಕನ್ನಡ ಮಾಡುತ್ತಾ ಗಟ್ಟಿಯಾಗಿ ಓದತೊಡಗಿದೆ. ತಪ್ಪು ಹೇಗೆ ಸಿಕ್ಕಿತೆಂದು ಬದಲಾವಣೆಯ ಜೊತೆಗೇ ಬರೆಯುವುದು ಅಲ್ಲಿನ ಪದ್ಧತಿ ಎಂಬುದು ಓದುತ್ತಾ ಓದುತ್ತಾ ನೆನಪಾಯಿತು. ಆದರೆ ಬಾಯಿ ನಿಲ್ಲಲಿಲ್ಲ.

"ಪರಿಶೀಲಕರು ತಾವು ಯಾವ ಯಂತ್ರದಲ್ಲಿದ್ದೇವೆಂದು ತಿಳಿಯದೆ ಇಡೀ ಆಫೀಸಿನ ಯಂತ್ರವನ್ನೇ ಮುಚ್ಚಿದಾಗ ಈ ದೋಷ ಬೆಳಕಿಗೆ ಬಂತು. ಅವರಿಗೆ ವಂದನೆಗಳು." ಕೆಳಗೆ ನನ್ನ ಪೂರ್ತಿ ಹೆಸರು.

ಶೈಲಾ ಲ್ಯಾಪ್‌ಟಾಪ್ ತನ್ನ ಕಡೆ ತಿರುಗಿಸಿ ನನ್ನ ಹೆಸರಿನ ಮೇಲೆ ಬೆರಳಿಟ್ಟಳು. ಆಮೇಲೆ, "ಮದುವಿಯಾಗಿ ಹನ್ನೊಂದು ವರ್ಷ ಆತು ನೋಡ್ರಿ. ನಿಮ್ಮ ಬಗ್ಗೆ ಇಷ್ಟು ಖರೇ ಯಾರೂ ಬರೆದಿದ್ದಿಲ್ಲ!" ಎಂದಳು.

ಕೂಡಲೇ ಹೇತಲ್‌ಗೆ ಫೋನ್ ಹಚ್ಚಿ ಆ ವಾಕ್ಯ ತೆಗೆಯಲು ಬೇಡಿಕೊಂಡೆ. ಒಪ್ಪಿಗೆಯಾದ ಮೇಲೆ ಒಂದಕ್ಷರವನ್ನೂ ಅಳಿಸಲು ಬರುವುದಿಲ್ಲವಂತೆ. ಈಗ ಅದನ್ನು ದಿನಾ ಓದುತ್ತೇನೆ. ಪೂರ್ಣವಿರಾಮ, ಖಾಲಿ ಜಾಗ, ಎಲ್ಲ ಸರಿಯಾಗಿದೆ. ನಾನೊಬ್ಬನೇ ತಪ್ಪು.